ಸೊನ್ನೆಯ ಕೆಳಗೆ 196: ಮಗಳಿಗೊಂದು ಪತ್ರ

ಶಿರಸಿ
ಆಷಾಢದ ಒಂದು ಮಧ್ಯಾಹ್ನ

ಪ್ರೀತಿಯ ಕೂಸೆ,

ನಿನ್ನೆ ರಾತ್ರಿ ನೀನು ಫೋನಿಟ್ಟ ಮೇಲೆ ಆಯಿ ಕೇಳಿದಳು, ‘ಮಗಳು ಯಾರ ಮೇಲೋ ರೇಗಿದಂತಿತ್ತು, ಏನಂತೆ?’ ಕಂಪ್ಯೂಟರ್ ಓಟದಲ್ಲಿ ಯಾವನೋ ಹುಡುಗ ಮೋಸ ಮಾಡಿದನಂತೆ ಎಂದೆ. ‘ಅದಕ್ಕೂ ಒಂದು ಓಟವೇ?’ ಎಂದು ಮಗ್ಗುಲು ಬದಲಿಸಿ ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯೆ. ಪತ್ರವಾದರೆ ಹಾಗಲ್ಲ, ಹರಿದು ಹಾಕುವುದಿದ್ದರೂ ಓದಿಯೇ ಹರಿಯುತ್ತೀಯೆ.

ಪ್ರೊಸೆಸರನ್ನು ತಣ್ಣಗಿಟ್ಟು ಅದರ ಮಿತಿಗಿಂತ ವೇಗವಾಗಿ ಓಡಿಸುವ ನಿನ್ನ ಓವರ್‌ಕ್ಲಾಕಿಂಗ್ ಹವ್ಯಾಸವನ್ನು ನಾನು ಎಂದೂ ಹಗುರವಾಗಿ ಕಂಡವನಲ್ಲ. ಮೊದಲ ಸಲ ನೀನು ಕಳಿಸಿದ ವಿಡಿಯೋದಲ್ಲಿ ಪ್ರೊಸೆಸರ್ ಮೇಲೆ ಕೂರಿಸಿದ ತಾಮ್ರದ ಪಾತ್ರೆಗೆ ಹೊಗೆಯಾಡುವ ನೀರಿನಂಥದ್ದನ್ನು ಸುರಿಯುತ್ತಿದ್ದೆ. ಆಯಿ ಹೆದರಿದಳು, ನಾನು ಹಿಗ್ಗಿದೆ. ದ್ರವ ಸಾರಜನಕ! ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕುದಿಯುವ ಆ ವಸ್ತುವನ್ನು 32 ವರ್ಷ ಬೈಕಿನ ಹಿಂದೆ ಕಟ್ಟಿಕೊಂಡು ತಿರುಗಿದವನು ನಾನು. ಕೃತಕ ಗರ್ಭಧಾರಣೆಗೆ ಬೇಕಾದ ಹೋರಿಯ ವೀರ್ಯದ ಕಡ್ಡಿಗಳು ಅದರಲ್ಲಿ ಮುಳುಗಿರಬೇಕು. ಕಂಟೇನರಿಗೆ ಮರದ ಅಳತೆಪಟ್ಟಿ ಇಳಿಸಿ, ಹೊರಗೆಳೆದು ಗಾಳಿಯಲ್ಲಿ ಎರಡು ಸಲ ಬೀಸಿದರೆ ಎಲ್ಲಿಯವರೆಗೆ ಬಿಳಿ ಹಿಮ ಕಟ್ಟುತ್ತದೋ ಅಲ್ಲಿಯವರೆಗೆ ದ್ರವ ಇದೆ ಎಂದು ಲೆಕ್ಕ. ನೀನು ಚಿಕ್ಕವಳಿದ್ದಾಗ ವೀಳ್ಯದೆಲೆಯೊಂದನ್ನು ಅದ್ದಿ ತೆಗೆದು ಹಪ್ಪಳದ ಹಾಗೆ ಮುರಿದು ತೋರಿಸಿದ್ದು ನೆನಪಿದೆಯೇ? ನಾನು ಎಮ್ಮೆ, ಹಸುಗಳಿಗಾಗಿ ಹೊತ್ತದ್ದನ್ನು ನೀನು ಚಿಪ್ಪಿಗೆ ಸುರಿಯುತ್ತೀಯೆ. ನಮ್ಮ ಮನೆಯಲ್ಲಿ ಅಪ್ಪನ ಕಸುಬನ್ನು ಮಗಳು ಮುಂದುವರಿಸಿದಳು ಎಂದು ನಾನು ತೋಟಕ್ಕೆ ಬಂದವರಿಗೆಲ್ಲ ಹೇಳುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ.

ಈಗ ಆ ಅಂಕೋಲೆಯ ಹುಡುಗನ ವಿಷಯ. ಭಾನುವಾರದ ಕೂಟಕ್ಕೆ ಅವನು ಹಳೆಯ ಮದರ್‌ಬೋರ್ಡ್ ಹೊತ್ತು ತಂದ. ಪೈ ಸಂಖ್ಯೆಯನ್ನು ಎಣಿಸಲು ಹಿಡಿದ ಹೊತ್ತನ್ನು ತೋರಿಸುವ ಸೂಪರ್ ಪೈ ಎಂಬ ತಂತ್ರಾಂಶ ಓಡಿಸಿದಾಗ ಅವನ ಸಮಯ ನಿನ್ನದಕ್ಕಿಂತ ಕಡಿಮೆ ಬಂತು. ನೀನು ಅವನ ಪರದೆ ಇಣುಕಿ, ವಿಂಡೋಸ್ 8 ಎಂಬುದನ್ನು ಕಂಡು, ಎಲ್ಲರ ಎದುರು ‘ಕಳ್ಳ’ ಎಂದೆ. ಅವನು ಏನೋ ಹೇಳಲು ಹೋಗಿ, ಹೇಳಲಾಗದೆ, ವೈರುಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದು ಹೋದ. ಇಷ್ಟೂ ನೀನೇ ಹೇಳಿದ್ದು.

ನಿಮ್ಮ ಆಟದ ಒಂದು ವಿಚಿತ್ರ ನನಗೆ ಮೊದಲಿನಿಂದಲೂ ಹಿಡಿಸಿದೆ. ಮಾರಿಕಾಂಬಾ ಜಾತ್ರೆಯ ಬಯಲಿನಲ್ಲಿ ಹುಡುಗರು ಓಡಿದರೆ ಗಡಿಯಾರ ಇನ್ನೊಬ್ಬರ ಕೈಯಲ್ಲಿರುತ್ತದೆ. ಇಲ್ಲಿ ಓಡುವುದೂ ಅದೇ ಯಂತ್ರ, ಹೊತ್ತು ಎಣಿಸುವುದೂ ಅದೇ ಯಂತ್ರ. ಸೂಪರ್ ಪೈ ಮೂಲತಃ ಟೋಕಿಯೋ ವಿಶ್ವವಿದ್ಯಾಲಯದ್ದು. 1995ರಲ್ಲಿ ಪೈ ಸಂಖ್ಯೆಯನ್ನು 429 ಕೋಟಿಗೂ ಹೆಚ್ಚು ಸ್ಥಾನಗಳವರೆಗೆ ಎಣಿಸಿದ ಆ ಪ್ರಾಧ್ಯಾಪಕರ ಹೆಸರು ಯಸುಮಾಸ ಕನಡ ಎಂದು ನೀನು ಹೇಳಿದಾಗ ನಾನು ಎರಡು ದಿನ ನಕ್ಕಿದ್ದೆ, ನಮ್ಮ ಭಾಷೆಗೆ ಒಂದು ಒತ್ತು ಕಡಿಮೆ ಎಂದು. ಅದರ ಪರಿಷ್ಕರಿಸಿದ ಆವೃತ್ತಿಯಲ್ಲಿ ಫಲಿತಾಂಶದ ಜೊತೆ ತಾಳೆ ನೋಡುವ ಸಂಖ್ಯೆಯೊಂದು ಬರುತ್ತದಂತೆ, ಯಾರೂ ತಿದ್ದಬಾರದೆಂದು. ಆದರೆ ಗಡಿಯಾರವೇ ನಿಧಾನವಾದರೆ ತಾಳೆ ನೋಡಿ ಏನು ಫಲ? ವಿಂಡೋಸ್ 8ರಲ್ಲಿ ಆಗಿದ್ದು ಅದೇ. ಯಂತ್ರ ನಡೆಯುತ್ತಿರುವಾಗಲೇ ಬೇಸ್ ಕ್ಲಾಕ್, ಅಂದರೆ ಪ್ರೊಸೆಸರಿನ ವೇಗಕ್ಕೆ ಮೂಲವಾದ ತಾಳ, ಇಳಿಸಿದರೆ ಒಳಗಿನ ಸಮಯವೂ ಹಿಂದೆ ಬೀಳುತ್ತಿತ್ತು, ಓಟ ಬೇಗ ಮುಗಿದಂತೆ ಕಾಣುತ್ತಿತ್ತು. 2013ರ ಆಗಸ್ಟ್‌ನಲ್ಲಿ ನಿಮ್ಮ ಅಂಕಪಟ್ಟಿ ಇಡುವ ಜಾಲತಾಣವಾದ ಎಚ್‌ಡಬ್ಲ್ಯೂಬಾಟ್‌ನವರು ಅದರ ಮೇಲಿನ ಅಂಕಗಳನ್ನು ನಿಷೇಧಿಸಿದರು. ತಪ್ಪಿದ್ದದ್ದು ಗಡಿಯಾರ, ಹಾಗಾಗಿ ಪ್ರಾಮಾಣಿಕರ ಅಂಕವೂ ಹೋಯಿತು.

ಆ ಹುಡುಗನ ಅಂಕ ತೆಗೆಸಿದ್ದು ಸರಿ. ಅದರಲ್ಲಿ ನನಗೆ ಎರಡು ಮಾತಿಲ್ಲ. 2013ರಲ್ಲಿ ಅವನು ಎರಡನೆಯ ತರಗತಿಯಲ್ಲಿದ್ದಿರಬೇಕು. ಹಳೆಯ ಯಂತ್ರದಲ್ಲಿ ಯಾರೋ ಹಾಕಿಟ್ಟದ್ದನ್ನೇ ಓಡಿಸಿದ್ದಾನೆ ಎಂದು ನನಗನ್ನಿಸುತ್ತದೆ. ನೀನು ನಿನ್ನ ಮೊಬೈಲನ್ನು ಅವನ ಪರದೆಯ ಪಕ್ಕ ಹಿಡಿದು, ‘ನೋಡು, ನಿನ್ನ ಸೆಕೆಂಡು ಹಿಂದೆ ಬೀಳುತ್ತಿದೆ’ ಎಂದಿದ್ದರೆ ಐದು ನಿಮಿಷದ ಕೆಲಸ.

ನಿನಗೆ ಹೇಳಿರದ ಒಂದು ವಿಷಯ ಹೇಳುತ್ತೇನೆ. ನೀನು ಹುಟ್ಟುವ ಮೊದಲಿನದು. ಮಾರ್ಚ್ ಕೊನೆ, ಗುರಿ ಮುಟ್ಟಿರಲಿಲ್ಲ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿ ಎರಡೂವರೆ, ಮೂರು ತಿಂಗಳಿಗೆ ಮತ್ತೆ ಹೋಗಿ, ಕೈ ಹಾಕಿ ಗಬ್ಬ ಪರೀಕ್ಷೆ ಮಾಡಿ, ಆಮೇಲೆ ರಿಜಿಸ್ಟರಿನಲ್ಲಿ ಬರೆಯಬೇಕು. ನಾನು 11 ಹಸುಗಳ ಮನೆಗೆ ಹೋಗದೆಯೇ, ಕುರ್ಚಿಯಲ್ಲಿ ಕುಳಿತು ‘ಗಬ್ಬ’ ಎಂದು ಬರೆದೆ. ಯಾರು ನೋಡುತ್ತಾರೆ? ಹಸುವಿನ ಹೊಟ್ಟೆಯೊಳಗಿನ ಸಂಗತಿ. ಆ 11ರಲ್ಲಿ ಒಂದು, ದೇವಿಮನೆ ಘಟ್ಟದ ಕಡೆ ಒಬ್ಬಂಟಿಯಾಗಿದ್ದ ಒಬ್ಬ ಅಮ್ಮನದು. ಹಸು ಮತ್ತೆ ಬೆದೆಗೆ ಬಂದ ಹಾಗಿದೆ ಎಂದು ಅವರು ಹೇಳಿಕಳಿಸಿದಾಗ, ನನ್ನ ಬರಹವನ್ನು ಉಳಿಸಿಕೊಳ್ಳಲು, ‘ಗಬ್ಬದ ಹಸುವೂ ಒಮ್ಮೊಮ್ಮೆ ಹಾಗೆ ಮಾಡುತ್ತದೆ’ ಎಂದುಬಿಟ್ಟೆ.

ನಮ್ಮ ಡಾಕ್ಟರಿಗೆ ಅದು ಹೇಗೆ ತಿಳಿಯಿತೋ. ಕರೆದು ಬೈಯಲಿಲ್ಲ. ಒಂದು ಬೆಳಿಗ್ಗೆ, ‘ಬನ್ನಿ, ಸ್ವಲ್ಪ ತಿರುಗಾಡಿ ಬರೋಣ’ ಎಂದರು. ಎರಡು ದಿನ 11 ಕೊಟ್ಟಿಗೆ ತಿರುಗಿದೆವು. ಪ್ರತಿ ಕೊಟ್ಟಿಗೆಯಲ್ಲೂ ಅವರು ತೋಳು ಮಡಚಿ, ನನ್ನ ಕಡೆ ತಿರುಗಿ, ‘ಸೋಪು ಎಲ್ಲಿದೆ?’ ಎಂದಷ್ಟೇ ಕೇಳುತ್ತಿದ್ದರು. ಆರು ಹಸು ಖಾಲಿ. ಮನೆಯವರ ಎದುರು ಒಂದು ಮಾತಿಲ್ಲ. ಕಚೇರಿಗೆ ಬಂದು ರಿಜಿಸ್ಟರ್ ನನ್ನ ಮುಂದೆ ಸರಿಸಿ ಕೆಂಪು ಪೆನ್ನು ಕೊಟ್ಟರು. ಆರು ಗೆರೆ ನಾನೇ ಎಳೆದೆ, ಪ್ರತಿ ಗೆರೆಯ ಪಕ್ಕ ನಾನೇ ಸಹಿ ಹಾಕಿದೆ. ಆ ಅಮ್ಮನಿಗೂ ನಾನೇ ಹೋಗಿ ಹೇಳಬೇಕಾಯಿತು. ಅವರು ಹಸುವಿನ ಬೆನ್ನು ಸವರುತ್ತ, ‘ಹಾಗಾದರೆ ಬರುವ ಮಳೆಗಾಲಕ್ಕೆ ಹಾಲಿಲ್ಲವೇ?’ ಎಂದು ಕೇಳಿದರು. ಡಾಕ್ಟರು ಅಂದು ನನ್ನನ್ನು ಹತ್ತು ಜನರ ಎದುರು ಕಳ್ಳ ಎಂದಿದ್ದರೆ ನಾನು ಕೆಲಸ ಬಿಟ್ಟು ತೋಟಕ್ಕೆ ಸೇರುತ್ತಿದ್ದೆ. ಮತ್ತು ನೋಡು, ನಾನು ತಿಳಿದೇ ಮಾಡಿದವನು. ಆ ಹುಡುಗ ತಿಳಿಯದೆ ಮಾಡಿದವನು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿದ್ದೆ ಕೆಡಿಸಿದ್ದು ಅದಲ್ಲ. ಮಾತಿನ ಕೊನೆಯಲ್ಲಿ ನಗುತ್ತ ಹೇಳಿದೆಯಲ್ಲ, ಹೋದ ತಿಂಗಳು ನಿನಗೆ ಮೊದಲ ಸ್ಥಾನ ತಂದ ಚಿಪ್ ನಿನ್ನದಲ್ಲ, ಗೆಳತಿಯದು, ಅವಳೂ ಅದರಲ್ಲೇ ಓಡಿಸಿ ಅಂಕ ಹಾಕಿದ್ದಾಳೆ ಎಂದು. ಒಂದೇ ಚಿಪ್ಪನ್ನು ಕೈಯಿಂದ ಕೈಗೆ ದಾಟಿಸಿ ಇಬ್ಬರೂ ಅಂಕ ಗಳಿಸಬಾರದು ಎಂಬ ನಿಯಮವನ್ನು ವರ್ಷದ ಹಿಂದೆ ನನಗೆ ವಿವರಿಸಿದ್ದು ನೀನೇ. ಏಕೆ ಎಂದು ಕೇಳಿದಾಗ ನೀನು ಕೊಟ್ಟ ಉತ್ತರ ನನಗೆ ಅಡಿಕೆ ಸುಲಿಯುವಾಗಲೆಲ್ಲ ನೆನಪಾಗುತ್ತದೆ. ಒಂದೇ ಪೆಟ್ಟಿಗೆ, ಒಂದೇ ಬೆಲೆ, ಒಂದೇ ಹೆಸರಿನ ಎರಡು ಪ್ರೊಸೆಸರ್ ಕೊಂಡರೂ ಒಂದು ಕಡಿಮೆ ವೋಲ್ಟೇಜಿನಲ್ಲೇ ಜಿಗಿಯುತ್ತದೆ, ಇನ್ನೊಂದು ಎಷ್ಟು ಸುರಿದರೂ ಏಳುವುದಿಲ್ಲ. ಕೆಲವು ಚಿಪ್‌ಗಳಂತೂ ತೀರಾ ತಣ್ಣಗಾದರೆ ಸತ್ತ ಹಾಗೆ ಸುಮ್ಮನಾಗುತ್ತವೆ, ಮತ್ತೆ ಬೆಚ್ಚಗೆ ಮಾಡಿ ಎಬ್ಬಿಸಬೇಕು. ಅದೃಷ್ಟದ ಚೀಟಿ ಎನ್ನುತ್ತೀರಿ ನೀವು. ನಮ್ಮಲ್ಲಿಯೂ ಒಂದೇ ತೋಟದ ಅಡಿಕೆ ಚಾಲಿ, ಬಿಳೇಗೋಟು, ಕೋಕ ಎಂದು ಬೇರೆ ಬೇರೆ ರಾಶಿಗೆ ಬೀಳುತ್ತದೆ, ಬೇರೆ ಬೇರೆ ಬೆಲೆಗೆ ಹೋಗುತ್ತದೆ. ಪಕ್ಕದ ಮನೆಯ ಒಳ್ಳೆಯ ಚಾಲಿಯನ್ನು ನನ್ನ ಚೀಲದ ಬಾಯಿಗೆ ಹರಡಿ ಟೆಂಡರಿಗೆ ಇಟ್ಟರೆ ಅದನ್ನು ಏನೆನ್ನುತ್ತೀಯೆ? ಆ ಹುಡುಗನಿಗೆ ಅಂದ ಪದವನ್ನೇ ಅನ್ನುತ್ತೀಯಾ?

ನಾನು ಅನ್ನುವುದಿಲ್ಲ. ಆ ಅಂಕವನ್ನು ನೀನೇ ತೆಗೆ, ಯಾರಾದರೂ ಕೇಳುವ ಮೊದಲು. ಎರಡನೆಯ ಸ್ಥಾನವೋ ಹತ್ತನೆಯದೋ, ನಿನ್ನ ಸ್ವಂತ ಚಿಪ್ ಎಲ್ಲಿಗೆ ಒಯ್ಯುತ್ತದೋ ಅಲ್ಲಿರು. 2022ರ ಡಿಸೆಂಬರ್‌ನಲ್ಲಿ ದ್ರವ ಹೀಲಿಯಂ ಸುರಿದು ಒಂದು ಪ್ರೊಸೆಸರನ್ನು 9 ಗಿಗಾಹರ್ಟ್ಸ್ ದಾಟಿಸಿದರಲ್ಲ, ಅಂದು ರಾತ್ರಿ ನೀನು ನಿನ್ನದೇ ಗೆಲುವು ಎಂಬಂತೆ ಫೋನು ಮಾಡಿ ಕುಣಿದಿದ್ದೆ. ಆ ಮಗಳು ನನಗೆ ಬಹಳ ಇಷ್ಟ. ಭಾನುವಾರದವಳ ಪರಿಚಯ ನನಗೆ ಅಷ್ಟಾಗಿ ಇಲ್ಲ.

ಹುಡುಗನ ಮನೆ ಅಂಕೋಲೆ ಎಂದೆಯಲ್ಲ, ಇಲ್ಲೇ ಘಟ್ಟ ಇಳಿದರೆ ಸಿಗುವ ಊರು. ಅಷ್ಟು ದೂರದ ಬೆಂಗಳೂರಿಗೆ ಹೋಗಿ ನಮ್ಮ ಜಿಲ್ಲೆಯವನನ್ನೇ ಓಡಿಸಿದೆಯಲ್ಲ ಎಂದು ಆಯಿಗೆ ಬೇಸರ. (ಬೆಳಿಗ್ಗೆ ಎಲ್ಲ ಹೇಳಿದೆ, ಬೈಯಬೇಡ.) ನಾಳೆಯ ಬಸ್ಸಿಗೆ ಎರಡು ಡಬ್ಬಿ ತೊಡದೇವು ಕಳಿಸುತ್ತಿದ್ದಾಳೆ. ಒಂದು ನಿನಗೆ, ಇನ್ನೊಂದನ್ನು ನೀನೇ ಅವನ ಕೋಣೆಗೆ ಒಯ್ದು ಕೊಡಬೇಕಂತೆ. ಡಬ್ಬಿ ಅಲುಗಾಡಿಸಬೇಡ, ಪುಡಿಯಾಗುತ್ತದೆ. ಹೋದಾಗ ಕ್ಷಮೆ ಕೇಳುವುದನ್ನು ಬಾಗಿಲಲ್ಲೇ ಮುಗಿಸಿ ಆಮೇಲೆ ಅವನ ಮದರ್‌ಬೋರ್ಡ್ ನೋಡು, ಬೇರೆ ವಿಂಡೋಸ್ ಹಾಕಿ ಓಡಿಸಿ. ಆಗಲೂ ಅವನ ಸಮಯವೇ ಕಡಿಮೆ ಬಂದರೆ ನನಗೆ ತಿಳಿಸು.

ಇನ್ನೊಂದು. ಸುರಿಯುವಾಗ ಕಿಟಕಿ ತೆರೆದಿರಲಿ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಸಾರಜನಕದ ಅನಿಲವಾಗುತ್ತದೆ, ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುವುದು ತಿಳಿಯುವುದೇ ಇಲ್ಲ. ಕಂಟೇನರಿನ ಮುಚ್ಚಳವನ್ನು ಬಿಗಿಯಾಗಿ ಒತ್ತಬೇಡ. ಹತ್ತಿಯ ಕೈಗವಸು ಹಾಕಿಕೊಳ್ಳಬೇಡ, ಅದು ದ್ರವ ಹೀರಿಕೊಂಡು ಚರ್ಮಕ್ಕೇ ಅಂಟುತ್ತದೆ. ನನ್ನ ಎಡಗೈಯ ಕಲೆ ಹೇಗಾಯಿತು ಎಂದು ಕೇಳುತ್ತಿದ್ದೆಯಲ್ಲ, ಹಾಗೆಯೇ ಆಗಿದ್ದು.

ಮಳೆ ಬಿಟ್ಟ ಹಾಗಿದೆ, ಅಂಚೆ ಹೊರಡುವುದರೊಳಗೆ ಪೇಟೆಗೆ ಹೋಗುತ್ತೇನೆ.

ನಿನ್ನ
ಅಪ್ಪಯ್ಯ