ಅಂಕದ ಜೊತೆ ಗೆಳೆತನಕ್ಕೂ ಸಮಯ ಬೇಕು

ಸಂಪಾದಕರೇ,

ಕಾಲೇಜು ಮಕ್ಕಳು ಸುಮ್ನೆ ಕಾಲ ಕಳೆಯುತ್ತಾರೆ ಅಂತ ದೂರುವವರು ಒಮ್ಮೆ ನಮ್ಮ ಸೆಮಿಸ್ಟರ್ ಲೆಕ್ಕ ನೋಡಬೇಕು. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಅಂದರೆ 30 ಗಂಟೆ ಕಲಿಕೆ. ಸೆಮಿಸ್ಟರಿಗೆ 20 ಕ್ರೆಡಿಟ್, ಅಂದರೆ 600 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 40 ಗಂಟೆ, ಪೂರ್ತಿ ನೌಕರಿಯಷ್ಟೇ ಕೆಲಸ. ಬಸ್ಸಿನ ಸಮಯ ಇದರಲ್ಲಿ ಸೇರಿಲ್ಲ. ಆಳಂದ, ಚಿತ್ತಾಪುರ, ಜೇವರ್ಗಿ ಕಡೆಯಿಂದ ದಿನಾ ಕಲಬುರಗಿಗೆ ಓಡಾಡುವವರು ಬೆಳಿಗ್ಗೆ ಬೇಗ ಬುತ್ತಿ ಕಟ್ಟಿಕೊಂಡು ಹೊರಟು, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಮನೆ ಸೇರಿ, ಆಮೇಲೆ ಲ್ಯಾಬ್ ರೆಕಾರ್ಡ್ ಬರೆಯಲು ಕೂರಬೇಕು.

ನಮ್ಮ ಕ್ಲಾಸಿನಲ್ಲಿ ಇಂಟರ್ನಲ್ ಟೆಸ್ಟ್, ಸೆಮಿನಾರ್, ಅಸೈನ್‌ಮೆಂಟ್ ಎಲ್ಲಾ ಒಂದೇ ವಾರದಲ್ಲಿ ಬಂದು ಬೀಳುತ್ತವೆ, ಯಾಕೆಂದರೆ ಒಬ್ಬ ಮೇಷ್ಟ್ರು ಕೊಟ್ಟ ತಾರೀಖು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಸೆಮಿಸ್ಟರ್ ಶುರುವಿನಲ್ಲೇ ಎಲ್ಲರೂ ಕೂತು ಒಂದೇ ಕ್ಯಾಲೆಂಡರ್ ಮಾಡಿ ನೋಟಿಸ್ ಬೋರ್ಡಿಗೆ ಹಾಕಲಿ. ಎಷ್ಟೋ ಒತ್ತಡ ಇಳಿಯುತ್ತದೆ. ಇದಕ್ಕೆ ದುಡ್ಡೇನೂ ಬೇಡ ಅಲ್ವಾ?

ಪಾಲಕರಿಗೂ ಒಂದು ಮಾತು. ಸಂಜೆ ಗೆಳತಿಯರ ಜೊತೆ ಕಲಬುರಗಿಯ ಅಪ್ಪನ ಕೆರೆಯ ಹತ್ತಿರ ಒಂದು ಗಂಟೆ ಕೂತು ಮಿರ್ಚಿ ಭಜಿ ತಿಂದರೆ ಸಿಜಿಪಿಎ (ಎಲ್ಲಾ ಸೆಮಿಸ್ಟರಿನ ಸರಾಸರಿ ಗ್ರೇಡ್) ಬೀಳುವುದಿಲ್ಲ. ಕ್ಲಾಸಿನಲ್ಲಿ ಅರ್ಥವಾಗದ ಲೆಕ್ಕವನ್ನು ನಾವು ಅಲ್ಲೇ ಒಬ್ಬರಿಗೊಬ್ಬರು ಹೇಳಿಕೊಡುತ್ತೇವೆ. ಮನೆಯಲ್ಲಿ ಹೇಳಲಾಗದ್ದನ್ನೂ ಅಲ್ಲೇ ಹೇಳಿಕೊಳ್ಳುತ್ತೇವೆ. ಹಾಗೆ ಹೇಳಿಕೊಳ್ಳಲು ಯಾರೂ ಇಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರತಿ ಹಾಸ್ಟೆಲ್ಲಿನ ಗೋಡೆ ಮೇಲೆ ಈ ನಂಬರನ್ನು ದೊಡ್ಡದಾಗಿ ಬರೆಸಬೇಕು, ಈ ಸೆಮಿಸ್ಟರಿನಲ್ಲೇ.

– ಒಬ್ಬ ವಿದ್ಯಾರ್ಥಿನಿ, ಕಲಬುರಗಿ