ಮಗಳಿಗೊಂದು ಪತ್ರ: ಮೊದಲು 1669, ಆಮೇಲೆ ಅಮ್ಮ

ಪುಟ್ಟೀ,

ನಿನ್ನೆ ಫೋನಲ್ಲಿ ಫುಕೆಟ್ ಟಿಕೆಟ್ ಬುಕ್ ಆಯ್ತು ಅಂದಾಗ ನಾನು ಸುಮ್ಮನಾಗ್ಬಿಟ್ಟೆ ಅಲ್ವಾ, ನೀನು "ಯಾಕಮ್ಮ, ಹೋಗೋದು ಬೇಡ್ವಾ" ಅಂತ ಕೇಳ್ದೆ. ಬೇಡ ಅಂತಲ್ಲ ಕಣೇ. ನಿನ್ನ ಸಂಬಳದಲ್ಲಿ ನೀನು ಫ್ರೆಂಡ್ಸ್ ಜೊತೆ ಹೊರಟಿರೋದು ನಂಗೆ ನಿಜವಾಗ್ಲೂ ಖುಷಿನೇ. ಆದ್ರೆ ಥಾಯ್ಲೆಂಡ್ ಅಂದ ತಕ್ಷಣ ನಂಗೆ ಒಂದು ರಾತ್ರಿ ನೆನಪಾಗುತ್ತೆ, ಆ ರಾತ್ರಿದು ಪೂರ್ತಿ ಕಥೆ ನಿಂಗೆ ಇವತ್ತಿನವರೆಗೂ ಹೇಳಿಲ್ಲ. ಫೋನಲ್ಲಿ ಶುರು ಮಾಡಿದ್ರೆ ಅತ್ತುಬಿಡ್ತೀನಿ, ಅದಕ್ಕೇ ಬರೀತಿದೀನಿ, ಉದ್ದ ಆಗುತ್ತೆ, ಕ್ಯಾಬಲ್ಲಿ ಕೂತಾಗ ನಿಧಾನಕ್ಕೆ ಓದ್ಕೋ.

2023ರ ಜನವರಿಲಿ ನಾನು ಅಪ್ಪ ಬ್ಯಾಂಕಾಕ್ ಪಟ್ಟಾಯ ಟೂರಿಗೆ ಹೋಗಿದ್ದು, ಐದು ದಿನಕ್ಕೆ ಬರಬೇಕಾದವರು ಹನ್ನೊಂದು ದಿನ ಬಿಟ್ಟು ಬಂದ್ವಿ. ನಿಂಗೆ ಎಗ್ಸಾಮ್ ನಡೀತಿತ್ತು, ಅಪ್ಪಂಗೆ ಫುಡ್ ಪಾಯ್ಸನ್ ಆಗಿದೆ, ಡ್ರಿಪ್ಸ್ ಹಾಕಿದಾರೆ ಅಂತ ಸುಳ್ಳು ಹೇಳಿದ್ವಿ. ಮೂರು ತಿಂಗಳಾದ ಮೇಲೆ ಅಪ್ಪನ ಹಾರ್ಟಿಗೆ ಸ್ಟೆಂಟ್ ಹಾಕಿದ ವಿಷಯ ಹೇಳಿದ್ವಿ, ನೀನು ಎರಡು ದಿನ ನಮ್ಮ ಜೊತೆ ಮಾತಾಡ್ಲಿಲ್ಲ. ಆದ್ರೆ ಆವತ್ತು ರಾತ್ರಿ ಹೋಟೆಲ್ ರೂಮಲ್ಲಿ ನಾನು ಏನು ಮಾಡ್ದೆ ಅನ್ನೋದನ್ನ ಆವಾಗ್ಲೂ ಹೇಳ್ಲಿಲ್ಲ.

ರಾತ್ರಿ ಹತ್ತೂ ಮುಕ್ಕಾಲು ಇರ್ಬೇಕು. ಅಪ್ಪ ಎದೆ ಹಿಡ್ಕೊಂಡಂಗೆ ಆಗ್ತಿದೆ, ದವಡೆವರೆಗೂ ಎಳೀತಿದೆ ಅಂದ್ರು, ಎಸಿ ರೂಮಲ್ಲಿ ಬನಿಯನ್ ಒದ್ದೆ ಆಗೋಷ್ಟು ಬೆವರು. ಅವರೇ "ಗ್ಯಾಸ್ ಕಣೇ, ಮಧ್ಯಾಹ್ನ ಹುಳಿ ಖಾರ ತಿಂದಿದ್ದು" ಅಂದ್ರು, ನಾನೂ ಒಪ್ಕೊಂಡೆ. ಜೆಲುಸಿಲ್ ಕೊಟ್ಟೆ, ಕೆಟಲಲ್ಲಿ ಬಿಸಿನೀರು ಕಾಯಿಸಿಕೊಟ್ಟೆ, ಬೆನ್ನು ಉಜ್ಜಿದೆ. ಕಮ್ಮಿ ಆಗ್ಲಿಲ್ಲ. ಆಮೇಲೆ ನಾನು ಮಾಡಿದ್ದು ದಾವಣಗೆರೆ ಡಾಕ್ಟರ್ ಮಾಮಂಗೆ ಫೋನು. ನಮ್ಮನೇಲಿ ಯಾವಾಗ್ಲೂ ಅದೇ ಅಲ್ವಾ, ಜ್ವರ ಬಂದ್ರೂ ಮಾಮ, ಮೊಣಕೈ ತರಚಿದ್ರೂ ಮಾಮ. ಅವನು ಯಾವುದೋ ಮದುವೆ ರಿಸೆಪ್ಷನ್ನಲ್ಲಿದ್ದ, ಎತ್ತಲಿಲ್ಲ. ಅತ್ತೆಗೆ ಮಾಡ್ದೆ, ಹೋಟೆಲ್ ವೈಫೈಲಿ ವಾಟ್ಸಪ್ ಕಾಲ್ ಕಟ್ ಆಗ್ತಾನೇ ಇತ್ತು, ಮತ್ತೆ ಮಾಡ್ದೆ, ಅವಳು ಅವನನ್ನ ಹುಡುಕಿ ಫೋನ್ ಕೊಡೋ ಹೊತ್ತಿಗೆ ನಾನು ಲಕ್ಷಣ ಎಲ್ಲ ಮೊದಲಿಂದ ಹೇಳೋಕೆ ಶುರು ಮಾಡ್ದೆ, ಅವನು ಎರಡೇ ಮಾತು ಕೇಳಿ "ಅಕ್ಕಾ ಫೋನ್ ಇಡು, ಆಂಬುಲೆನ್ಸ್ ಕರಿ" ಅಂತ ಕಿರುಚಿದ. ಟೈಮ್ ನೋಡಿದ್ರೆ ಐವತ್ತು ನಿಮಿಷ ಹೋಗಿತ್ತು ಪುಟ್ಟೀ. ಐವತ್ತು ನಿಮಿಷ. ಆ ಫೋನಿನ ಕಾಲ್ ಲಾಗ್ ನಾನು ಇನ್ನೂ ಡಿಲೀಟ್ ಮಾಡಿಲ್ಲ.

ಹೋಟೆಲ್ ರಿಸೆಪ್ಷನ್ ಕೆಳಗಡೆನೇ ಇತ್ತು. ಅಲ್ಲಿದ್ದ ಹುಡುಗಂಗೆ ಎದೆ ಮುಟ್ಟಿ ತೋರಿಸಿ "ಹಸ್ಬೆಂಡ್, ಹಾರ್ಟ್" ಅಂದೆ ಅಷ್ಟೇ, ಒಂದು ನಿಮಿಷ ಹಿಡೀಲಿಲ್ಲ ಅವನು 1669 ಒತ್ತಿ ಥಾಯ್ ಭಾಷೇಲಿ ವಿಳಾಸ ಹೇಳೋಕೆ. ಆಂಬುಲೆನ್ಸಲ್ಲಿ ಬಂದ ಹುಡುಗಿ ಔಷಧಿ ಅಲರ್ಜಿ ಇದ್ಯಾ ಅಂತ ಕೇಳಿ ಆಸ್ಪಿರಿನ್ ಅಗಿಯೋಕೆ ಕೊಟ್ಟಳು, ಅಲ್ಲೇ ಇಸಿಜಿ ತೆಗೆದಳು. ಅದೆಲ್ಲ ಐವತ್ತು ನಿಮಿಷ ಮೊದಲೇ ಆಗ್ಬಹುದಿತ್ತು. ಮಾರನೇ ದಿನ ಅಲ್ಲಿನ ಡಾಕ್ಟರ್ ತುಂಬ ಮೆತ್ತಗೆ ಹೇಳಿದ್ರು, ರಕ್ತನಾಳ ಬ್ಲಾಕ್ ಆಗಿದ್ದಷ್ಟು ಹೊತ್ತೂ ಹಾರ್ಟಿನ ಮಾಂಸಖಂಡ ಸಾಯ್ತಾ ಹೋಗುತ್ತೆ, ಸತ್ತಿದ್ದು ವಾಪಸ್ ಬರಲ್ಲ ಅಂತ. ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತಿದ್ದ ಮನುಷ್ಯ ಈಗ ನಂದಿವರೆಗೆ ಗಾಡೀಲಿ ಹೋಗಿ ಕೂತು ಬರ್ತಾರೆ. ಯಾರೂ ನನ್ನ ಬೈದಿಲ್ಲ, ಅಪ್ಪ ಒಂದು ದಿನವೂ ಆ ಮಾತು ಎತ್ತಿಲ್ಲ.

ಅದಕ್ಕೇ ನಿಂಗೆ ಹೇಳ್ತಿರೋದು. ಅಲ್ಲಿ ಏನಾದ್ರೂ ಆದ್ರೆ ಮೊದಲು ನಂಗೆ ಫೋನ್ ಮಾಡ್ಬೇಡ. ಮೈಸೂರಲ್ಲಿ ಕೂತು ನಾನೇನು ಮಾಡ್ಲಿ, ಗಾಬರಿ ಬೀಳ್ತೀನಿ, ನೂರು ಪ್ರಶ್ನೆ ಕೇಳ್ತೀನಿ, ಅದೇ ಟೈಮ್ ವೇಸ್ಟ್. ಆಂಬುಲೆನ್ಸ್ 1669. ಟೂರಿಸ್ಟ್ ಪೊಲೀಸ್ 1155, ಅಲ್ಲಿ ಇಂಗ್ಲಿಷ್ ಮಾತಾಡೋರು ಸಿಗ್ತಾರೆ. ಭಾಷೆ ತೊಡಕಾದ್ರೆ ಪಕ್ಕದಲ್ಲಿರೋ ಹೋಟೆಲ್ ಹುಡುಗನೋ ಅಂಗಡಿ ಆಂಟಿನೋ ಯಾರೇ ಆಗ್ಲಿ ಫೋನ್ ಅವರ ಕೈಗೆ ಕೊಡು, ವಿಳಾಸ ಅವರೇ ಸರಿಯಾಗಿ ಹೇಳ್ತಾರೆ. "ರೋಂಗ್ ಪಯಾಬಾನ್" ಅಂದ್ರೆ ಆಸ್ಪತ್ರೆ, "ಚುವಾಯ್ ದುವಾಯ್" ಅಂದ್ರೆ ಸಹಾಯ ಮಾಡಿ, ಇವೆರಡು ನಂಗೆ ಅಲ್ಲಿನ ನರ್ಸ್ ಹೇಳ್ಕೊಟ್ಟಿದ್ದು, ಉಚ್ಚಾರ ಹೆಚ್ಚುಕಮ್ಮಿ ಇರ್ಬಹುದು ಆದ್ರೆ ಅರ್ಥ ಆಗುತ್ತೆ ಅವರಿಗೆ.

ಆಸ್ಪತ್ರೇಲಿ ಮೊದಲು ಕೇಳಿದ್ದು ಅಪ್ಪ ಯಾವ ಮಾತ್ರೆ ತಗೋತಾರೆ ಅಂತ. "ಬಿಪಿದು, ಬಿಳೀದು, ಸಣ್ಣದು" ಅಂದೆ, ಬೇರೆ ಏನೂ ಗೊತ್ತಿರ್ಲಿಲ್ಲ. ಆಮೇಲೆ ಸ್ಟ್ರಿಪ್ ನೆನಪಾಗಿ ಟೆಲ್ಮಾ ಅಂದೆ, ಅವರಿಗೆ ಆ ಹೆಸರೇ ಗೊತ್ತಿಲ್ಲ. ಇಲ್ಲಿನ ಕಂಪನಿ ಇಟ್ಟಿರೋ ಹೆಸರು ಅಲ್ಲಿಯವರಿಗೆ ಹೇಗೆ ಗೊತ್ತಾಗ್ಬೇಕು, ಒಳಗಿರೋ ಔಷಧಿ ಹೆಸರು ಟೆಲ್ಮಿಸಾರ್ಟಾನ್ ಅಂದಿದ್ರೆ ಯಾವ ದೇಶದ ಡಾಕ್ಟರಿಗೂ ತಿಳೀತಿತ್ತು. ನಿನ್ನ ಥೈರೊನಾರ್ಮ್ ಇದ್ಯಲ್ಲ, ಅದು ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ, ಡೋಲೊ ಅಂದ್ರೆ ಪ್ಯಾರಾಸಿಟಮಾಲ್. ಒಂದು ಕಾರ್ಡಲ್ಲಿ ಇದೆಲ್ಲ ಇಂಗ್ಲಿಷಲ್ಲಿ ಬರೆದು, ಹಿಂದ್ಗಡೆ ಥಾಯ್ ಅಕ್ಷರದಲ್ಲಿ ನಿನ್ನ ಸಲ್ಫಾ ಅಲರ್ಜಿ ಬಗ್ಗೆ ಪ್ರಿಂಟ್ ಹಾಕಿಸಿದೀನಿ, "ಫೇ ಯಾ" ಅಂತಾರೆ ಔಷಧಿ ಅಲರ್ಜಿಗೆ. ಮೂರನೇ ಕ್ಲಾಸಲ್ಲಿ ಸಲ್ಫಾ ಇರೋ ಸೆಪ್ಟ್ರಾನ್ ಕೊಟ್ಟಾಗ ನಿನ್ನ ತುಟಿ ಕಣ್ಣು ಊದಿ ಬೊಬ್ಬೆ ಎದ್ದಿದ್ದು ನಿಂಗೆ ನೆನಪಿರಲ್ಲ, ನಂಗಿದೆ. ಆ ಕಾರ್ಡ್ ಬ್ಯಾಗಲ್ಲಲ್ಲ, ಮೊಬೈಲ್ ಕವರಿನ ಹಿಂದೆ ಇಟ್ಕೋ, ಪ್ರಜ್ಞೆ ತಪ್ಪಿದ್ರೂ ಬೇರೆಯವರ ಕೈಗೆ ಸಿಗೋ ಹಾಗೆ. ಜೊತೆಗೆ ಬರೋ ಇಬ್ಬರು ಹುಡುಗೀರಿಗೂ ಫೋಟೋ ಕಳ್ಸು, ಅವರದ್ದೂ ನೀನು ಇಸ್ಕೋ. ಥೈರಾಯ್ಡ್ ಮಾತ್ರೆ ಚೆಕ್-ಇನ್ ಲಗೇಜಿಗೆ ಹಾಕ್ಬೇಡ, ಕೈಬ್ಯಾಗಲ್ಲಿ ಡಾಕ್ಟರ್ ಚೀಟಿ ಸಮೇತ ಇರ್ಲಿ.

ಈಗ ದುಡ್ಡಿನ ವಿಷಯ, ಇದನ್ನ ಬರೆಯೋಕೆ ಕಷ್ಟ ಆಗ್ತಿದೆ ಆದ್ರೂ ಬರೀತೀನಿ. ಅಡ್ಮಿಟ್ ಮಾಡ್ಕೊಳ್ಳುವಾಗ ಡೆಪಾಸಿಟ್ ಕೇಳಿದ್ರು, ನಮ್ಮ ದುಡ್ಡಲ್ಲಿ ಎರಡು ಲಕ್ಷದ ಹತ್ತಿರ. ಅಪ್ಪನ ಕಾರ್ಡ್ ಉಜ್ಜಿದ್ರೆ ಡಿಕ್ಲೈನ್. 2020ರಿಂದ ರಿಸರ್ವ್ ಬ್ಯಾಂಕ್ ರೂಲ್ ಬಂದಿದೆ, ಹೊಸ ಕಾರ್ಡ್ ಕೊಡುವಾಗ ವಿದೇಶದ ಬಳಕೆ ಆಫ್ ಆಗೇ ಇರುತ್ತೆ, ನಾವೇ ಆ್ಯಪಲ್ಲಿ ಆನ್ ಮಾಡ್ಬೇಕು. ಆ್ಯಪ್ ತೆಗೆದ್ರೆ ಓಟಿಪಿ ಕೇಳುತ್ತೆ, ಓಟಿಪಿ ಬರೋದು ಇಲ್ಲಿನ ಸಿಮ್ಮಿಗೆ, ಸಿಮ್ಮಿಗೆ ರೋಮಿಂಗ್ ಹಾಕ್ಸಿರ್ಲಿಲ್ಲ, ಅಲ್ಲಿ ಕೊಂಡ ಸಿಮ್ ಹಾಕೋಕೆ ಅದನ್ನ ಕಿತ್ತು ಪರ್ಸಲ್ಲಿ ಇಟ್ಟಿದ್ದೆ. ಒಳಗೆ ಅಪ್ಪ, ಹೊರಗೆ ಕೌಂಟರಲ್ಲಿ ನಾನು, ಕೈಯಲ್ಲಿ ಮೂರು ಕಾರ್ಡ್, ಒಂದೂ ಕೆಲ್ಸ ಮಾಡಲ್ಲ. ನಮ್ಮ ಟೂರ್ ಗುಂಪಲ್ಲಿದ್ದ ಹುಬ್ಬಳ್ಳಿ ಹಿರಿಯರೊಬ್ಬರು ಗೈಡ್ ಜೊತೆ ಬಂದವರು ಒಂದು ಮಾತಾಡದೆ ತಮ್ಮ ಕಾರ್ಡ್ ಕೊಟ್ಟು "ತಂಗೀ, ಮೊದ್ಲ ಅವರನ್ನ ಉಳಿಸ್ಕೋಳ್ರಿ, ರೊಕ್ಕ ಆಮ್ಯಾಲೆ" ಅಂದ್ರು. ಇವತ್ತಿಗೂ ಯುಗಾದಿಗೆ ದೀಪಾವಳಿಗೆ ಅವರಿಗೆ ಫೋನ್ ಮಾಡ್ತೀನಿ.

ಇನ್ಶೂರೆನ್ಸ್ ಇತ್ತು ಕಣೇ, ಇಲ್ಲ ಅಂತಲ್ಲ. ಆದ್ರೆ ಫಾರಂನಲ್ಲಿ ಬಿಪಿ ಇದ್ಯಾ ಅಂತ ಕೇಳಿರೋ ಕಡೆ ಅಪ್ಪ ಇಲ್ಲ ಅಂತ ಟಿಕ್ ಹಾಕಿದ್ರು, ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗುತ್ತೆ ಅಂತ. ಪಾಲಿಸಿ ಪಿಡಿಎಫ್ ಇಮೇಲಲ್ಲಿತ್ತು, ಅದರಲ್ಲಿದ್ದ ಸಹಾಯವಾಣಿಗೆ ನಾನು ಫೋನ್ ಮಾಡಿದ್ದು ಮಾರನೇ ದಿನ ಸಂಜೆ. ಕೊನೆಗೆ ಕ್ಲೇಮ್ ಬಹುಪಾಲು ಬರ್ಲಿಲ್ಲ. ನಿನ್ನ ಅಕ್ಕನ ಮದುವೇಲಿ "ಅಜ್ಜಿ ಬಳೆ ಯಾಕೆ ಹಾಕ್ಕೊಂಡಿಲ್ಲ" ಅಂತ ಕೇಳಿದ್ಯಲ್ಲ, ಲಾಕರಲ್ಲಿದೆ ಅಂದಿದ್ದೆ, ಬ್ಯಾಂಕಲ್ಲಿ ಅಡ ಇತ್ತು. ಹೋದ ವರ್ಷ ಬಿಡಿಸ್ಕೊಂಡ್ವಿ, ಅದು ನಿಂದೇ, ಚಿಂತೆ ಮಾಡ್ಬೇಡ. ನೀನು ಮಾತ್ರ ಪಾಲಿಸಿ ತಗೊಳ್ಳುವಾಗ ಥೈರಾಯ್ಡ್ ಇದೆ ಅಂತ ಬರಿ, ಹೊರಡೋ ಮೊದಲೇ ತಗೋ, ಆಸ್ಪತ್ರೆಗೆ ಸೇರ್ತಿದ್ದ ಹಾಗೇ ನಿನ್ನ ಫ್ರೆಂಡ್ ಕೈಲಿ ಸಹಾಯವಾಣಿಗೆ ಫೋನ್ ಮಾಡ್ಸು, ಎಷ್ಟೋ ಪಾಲಿಸಿಲಿ 24 ಗಂಟೆ ಒಳಗೆ ತಿಳಿಸ್ಬೇಕು ಅಂತಿರುತ್ತೆ. ಡಿಸ್ಚಾರ್ಜ್ ಸಮ್ಮರಿ, ಒರಿಜಿನಲ್ ಬಿಲ್ಲು, ಡಾಕ್ಟರ್ ಚೀಟಿ ಒಂದೂ ಬಿಟ್ಟು ಬರ್ಬೇಡ.

ಇನ್ನೊಂದು, ಇದಕ್ಕೆ ನಿಂಗೆ ಕೋಪ ಬರುತ್ತೆ. ಸ್ಕೂಟರ್. ಫುಕೆಟಲ್ಲಿ ಕ್ರಾಬೀಲಿ ರಸ್ತೆ ತುಂಬ ಬಾಡಿಗೆ ಸ್ಕೂಟರ್ ನಿಂತಿರುತ್ತೆ, ಕೇಳಿದ ತಕ್ಷಣ ಕೊಟ್ಬಿಡ್ತಾರೆ. ಅಲ್ಲಿ ಓಡ್ಸೋಕೆ ಟೂವೀಲರೂ ಸೇರಿರೋ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು, ನಮ್ಮ ಆರ್‌ಟಿಓಲಿ 1000 ರೂಪಾಯಿಗೆ ಕೊಡ್ತಾರೆ, ಒಂದು ವರ್ಷ ನಡಿಯುತ್ತೆ. ಅದಿಲ್ಲದೆ ಬಿದ್ರೆ ಇನ್ಶೂರೆನ್ಸ್‌ನವರು ಕೈ ಎತ್ತುತಾರೆ, ಕುಡಿದು ಬಿದ್ರೂ ಅಷ್ಟೇ. ನೀನು ಯಾವಾಗ್ಲಾದ್ರೂ ಬಿಯರ್ ಕುಡೀತೀಯ ಅಂತ ನಂಗೊತ್ತು, ಜಗಳಕ್ಕೆ ಹೇಳ್ತಿಲ್ಲ, ಕುಡಿದ ದಿನ ಗಾಡಿ ಮುಟ್ಬೇಡ, ಟ್ಯಾಕ್ಸಿಗೆ ದುಡ್ಡು ನಾನು ಹಾಕ್ತೀನಿ. ಹೆಲ್ಮೆಟ್ ಬೆಲ್ಟ್ ಹಾಕ್ಕೋ, ಹಿಂದೆ ಕೂತ್ಕೊಳ್ಳೋಳೂ ಹಾಕ್ಕೊಳ್ಲಿ. ಅಂಗಡಿಯವರು ಅಡ್ವಾನ್ಸ್ ಬದಲು ಪಾಸ್‌ಪೋರ್ಟ್ ಇಟ್ಕೋತೀವಿ ಅಂದ್ರೆ ಆ ಅಂಗಡಿ ಬಿಟ್ಟು ಮುಂದೆ ಹೋಗು, ಆಸ್ಪತ್ರೆ ಕೌಂಟರಲ್ಲಿ ಮೊದಲು ಕೇಳೋದೇ ಅದನ್ನ.

ಫಿ ಫಿ ದ್ವೀಪಕ್ಕೆ ಹೋಗ್ತೀವಿ ಅಂದೆ. ಚೆನ್ನಾಗಿದೆಯಂತೆ. ಅಲ್ಲಿ ಕಾರು ಓಡಾಡಲ್ಲ, ಸಣ್ಣ ಆಸ್ಪತ್ರೆ ಇದೆ, ದೊಡ್ಡದು ಬೇಕಂದ್ರೆ ಬೋಟಲ್ಲಿ ಫುಕೆಟ್ಟಿಗೋ ಕ್ರಾಬಿಗೋ ಬರ್ಬೇಕು. ಅಲ್ಲಿನ ಕೋತಿಗಳ ಜೊತೆ ಸೆಲ್ಫಿ ತೆಗೆಯೋಕೆ ಹೋಗ್ಬೇಡ, ಕಚ್ಚಿದ್ರೆ ಪರಚಿದ್ರೆ ಹರಿಯೋ ನೀರಲ್ಲಿ ಸೋಪ್ ಹಾಕಿ 15 ನಿಮಿಷ ತೊಳಿ, ಅವತ್ತೇ ರೇಬೀಸ್ ಇಂಜೆಕ್ಷನ್ ಶುರು ಮಾಡಿಸ್ಕೋ, ಊರಿಗೆ ಬಂದ ಮೇಲೆ ನೋಡೋಣ ಅನ್ಬೇಡ, ರೇಬೀಸ್ ಲಕ್ಷಣ ಶುರುವಾದ ಮೇಲೆ ಯಾವ ಡಾಕ್ಟರೂ ಉಳಿಸೋಕಾಗಲ್ಲ. ಡೋಸ್ ಚೀಟಿ ತಂದ್ರೆ ಉಳಿದಿದ್ದು ಇಲ್ಲಿ ಹಾಕಿಸ್ಬಹುದು. ಸಮುದ್ರದಲ್ಲಿ ಜೆಲ್ಲಿಫಿಶ್ ಚುಚ್ಚಿದ್ರೆ ಉಜ್ಜಬೇಡ, ಸಿಹಿನೀರು ಹಾಕ್ಬೇಡ, ವಿನೆಗರ್ ಸುರಿ, ಕೆಲವು ಬೀಚಲ್ಲಿ ಕಂಬದ ಹತ್ರ ಬಾಟಲಿ ಇಟ್ಟಿರ್ತಾರೆ. ಉಸಿರಾಡೋಕೆ ಕಷ್ಟ ಆದ್ರೆ ತಕ್ಷಣ 1669. ಕೆಂಪು ಬಾವುಟ ಇದ್ರೆ ನೀರಿಗೆ ಇಳೀಬೇಡ. ಜೋರು ಜ್ವರ ಬಂದ್ರೆ ಡೆಂಗಿ ಇರ್ಬಹುದು ಅಂತ್ಲೇ ಅಂದ್ಕೋ, ಪ್ಯಾರಾಸಿಟಮಾಲ್ ಬಿಟ್ಟು ಬ್ರೂಫೆನ್ ಕಾಂಬಿಫ್ಲಾಮ್ ಆಸ್ಪಿರಿನ್ ಯಾವುದೂ ಬೇಡ, ರಕ್ತಸ್ರಾವ ಜಾಸ್ತಿ ಆಗುತ್ತೆ. ಬಂದ ಎರಡು ವಾರದಲ್ಲಿ ಜ್ವರ ಬಂದ್ರೂ ಡಾಕ್ಟರಿಗೆ ಥಾಯ್ಲೆಂಡಿಗೆ ಹೋಗಿದ್ದೆ ಅಂತ ಹೇಳು.

ನಮ್ಮ ಎಂಬೆಸಿ ಬ್ಯಾಂಕಾಕಲ್ಲಿ ಸುಖುಮ್ವಿತ್ ಸೋಯ್ 23ರಲ್ಲಿದೆ. ಪಾಸ್‌ಪೋರ್ಟ್ ಕಳೆದ್ರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತಾರೆ, ಮನೆಯವರಿಗೆ ವಿಷಯ ಮುಟ್ಟಿಸ್ತಾರೆ, ಆದ್ರೆ ಆಸ್ಪತ್ರೆ ಬಿಲ್ ಅವರು ಕಟ್ತಾರೆ ಅಂತ ನಂಬ್ಕೊಂಡು ಹೋಗ್ಬೇಡ.

ಡಾಕ್ಟರ್ ಹತ್ರ ಏನೂ ಮುಚ್ಚಿಡ್ಬೇಡ ಪುಟ್ಟೀ. ಏನು ಕುಡಿದೆ, ಏನು ತಗೊಂಡೆ, ಪೀರಿಯಡ್ಸ್ ತಪ್ಪಿದ್ಯಾ, ಯಾರ ಜೊತೆ ಇದ್ದೆ, ಯಾವುದೇ ಆಗ್ಲಿ. ಅಲ್ಲಿ ಅವರಿಗೆ ಹೇಳಿದ್ದನ್ನ ನಂಗೆ ಹೇಳ್ಲೇಬೇಕು ಅಂತೇನಿಲ್ಲ, ನಾನು ಕೇಳಲ್ಲ, ಅಪ್ಪನ ಮೇಲಾಣೆ.

ಆದ್ರೆ ಆಂಬುಲೆನ್ಸ್ ಬಂದು, ನೀನು ಡಾಕ್ಟರ್ ಕೈ ಸೇರಿದ ಮೇಲೆ ನಂಗೆ ಫೋನ್ ಮಾಡ್ಬೇಕು. ನಿಂಗಾಗದಿದ್ರೆ ಫ್ರೆಂಡ್ ಮಾಡ್ಲಿ. ಅಮ್ಮಂಗೆ ಟೆನ್ಷನ್ ಆಗುತ್ತೆ, ಊರಿಗೆ ಹೋದ್ಮೇಲೆ ಹೇಳೋಣ ಅಂತ ಅಂದ್ಕೋಬೇಡ. ನಾವು ನಿಂಗೆ ಫುಡ್ ಪಾಯ್ಸನ್ ಅಂತ ಹೇಳಿ ತಪ್ಪು ಮಾಡಿದ್ವಿ, ಎಗ್ಸಾಮ್ ಕೆಡುತ್ತೆ ಅಂತ ಯೋಚಿಸಿದ್ವೇ ಹೊರತು ಅಪ್ಪಂಗೆ ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ನೀನು ಜೀವಮಾನವಿಡೀ ನನ್ನನ್ನ ಏನು ಕೇಳ್ತಿದ್ದೆ ಅನ್ನೋದು ನಂಗೆ ಹೊಳೀಲೇ ಇಲ್ಲ. ಅದಕ್ಕೆ ಕ್ಷಮಿಸ್ಬಿಡು. ಅವರ ಟೈಮ್ ನಮಗಿಂತ ಒಂದೂವರೆ ಗಂಟೆ ಮುಂದೆ, ನಮಗೆ ರಾತ್ರಿ ಎರಡಾದ್ರೂ ಪರ್ವಾಗಿಲ್ಲ, ಫೋನ್ ಸೈಲೆಂಟ್ ಮಾಡದೆ ದಿಂಬಿನ ಪಕ್ಕ ಇಟ್ಕೊಂಡಿರ್ತೀನಿ.

ಶನಿವಾರ ಬಂದಾಗ ಆ ಕಾರ್ಡು, ಮಾತ್ರೆ ಪೌಚು ತಗೊಂಡು ಹೋಗು, ದೇವರ ಮನೆ ಕಪಾಟಲ್ಲಿದೆ. ಒಆರ್‌ಎಸ್ ಆರು ಪ್ಯಾಕೆಟ್ ಹಾಕಿದೀನಿ. ಬ್ಯಾಂಕ್ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿ, ರೋಮಿಂಗ್ ಹಾಕ್ಸಿ, ಎರಡರದ್ದೂ ಸ್ಕ್ರೀನ್‌ಶಾಟ್ ಇವತ್ತು ರಾತ್ರಿ ಮಲಗೋ ಮುಂಚೆ ನಂಗೆ ಕಳ್ಸು.

ಅಮ್ಮ