ಫೋಟೋ ನೋಡಿ ಆಡಿನ ಕಾಯಿಲೆ ಹೇಳೋದು ಸಾಕು

ಸಂಪಾದಕರೇ, ನಮಸ್ಕಾರ.

ಹಾಲಿಗೆ ಆಡು ಸಾಕೋವ್ರಿಗೆ ಈಗ ಸಲಹೆಗೇನೂ ಬರ ಇಲ್ಲ. ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದ್ರೆ ಸಾಕು, ಕೂದಲು ಮಾಸಿದೆಯಾ ಹಾಗಾದ್ರೆ ತಾಮ್ರ ಕಮ್ಮಿ, ಹೊಟ್ಟು ಉದುರ್ತಿದೆಯಾ ಸತು ಕಮ್ಮಿ, ಮರಿ ಏಳ್ತಿಲ್ವಾ ಸೆಲೆನಿಯಂ ಕಮ್ಮಿ, ಅಂತ ಕೂತಲ್ಲೇ ತೀರ್ಪು ಬಂದ್ಬಿಡುತ್ತೆ. ಕೃಷಿ ಪುಟಗಳಲ್ಲಿ ಬರೋದೂ ಹೆಚ್ಚುಕಮ್ಮಿ ಇದೇ ತರ, ಒಂದು ಕಡೆ ಲಕ್ಷಣ, ಅದರ ಎದುರಿಗೆ ಕೊರತೆಯ ಹೆಸರು. ಆ ಪಟ್ಟಿ ಸುಳ್ಳು ಅಂತಲ್ಲ, ಒಂದೇ ಲಕ್ಷಣಕ್ಕೆ ನಾಲ್ಕಾರು ಕಾರಣ ಇರಬಹುದು ಅನ್ನೋದನ್ನ ಅದು ಹೇಳೋದೇ ಇಲ್ಲ, ನನ್ನ ತಕರಾರು ಇಷ್ಟೇ.

ತಾಮ್ರದ ವಿಷಯವನ್ನೇ ತಗೊಳ್ಳಿ. ಕಪ್ಪು ಆಡು ಕೆಂಚಗಾಗೋದು, ಕೂದಲು ಒರಟಾಗೋದು, ಬಾಲದ ತುದಿ ಬೋಳಾಗಿ ಮೀನಿನ ಬಾಲದ ತರ ಕವಲಾಗೋದು, ರಕ್ತ ಇಳಿಯೋದು ಇವೆಲ್ಲ ತಾಮ್ರ ಕಮ್ಮಿಯಾದ್ರೆ ಆಗೋದು ನಿಜ, ಆದ್ರೆ ಹೊಟ್ಟೇಲಿ ಜಂತುಹುಳ ತುಂಬಿದ್ರೂ ಕೂದಲು ಒರಟಾಗುತ್ತೆ, ರಕ್ತ ಇಳಿಯುತ್ತೆ. ಮೇವಲ್ಲಿ ತಾಮ್ರ ಸಾಕಷ್ಟಿದ್ದು ಜೊತೆಗೆ ಮಾಲಿಬ್ಡಿನಂ ಅನ್ನೋ ಇನ್ನೊಂದು ಖನಿಜ ಜಾಸ್ತಿ ಇದ್ರೆ, ಇಲ್ಲಾ ಕುಡಿಯೋ ನೀರಲ್ಲಿ ಕಬ್ಬಿಣ, ಗಂಧಕ ಜಾಸ್ತಿ ಇದ್ರೆ, ತಿಂದ ತಾಮ್ರ ಮೈಗೆ ಹತ್ತೋದಿಲ್ಲ, ಆಗ ನೀರು ಟೆಸ್ಟ್ ಮಾಡಿಸದೆ ಡಬ್ಬಿ ಮೇಲೆ ಡಬ್ಬಿ ಮಿನರಲ್ ಮಿಕ್ಸ್ಚರ್ ತಂದು ಹಾಕಿ ಏನು ಪ್ರಯೋಜನ? ರಕ್ತದ ರಿಪೋರ್ಟಲ್ಲಿ ತಾಮ್ರ ನಾರ್ಮಲ್ ಬಂತು ಅಂತ ನೆಮ್ಮದಿಯಾಗೂ ಇರೋ ಹಾಗಿಲ್ಲ, ಯಾಕಂದ್ರೆ ದಾಸ್ತಾನು ಇರೋದು ಲಿವರಲ್ಲಿ, ಅದು ಬಹುಪಾಲು ಖಾಲಿಯಾಗೋವರೆಗೂ ರಕ್ತದಲ್ಲಿ ಗೊತ್ತೇ ಆಗಲ್ಲ. ಮಂದೆಯಲ್ಲಿ ಒಂದು ಆಡು ಸತ್ರೆ ಅದನ್ನ ಹೂಳೋಕೆ ಮುಂಚೆ ಡಾಕ್ಟ್ರನ್ನ ಕರೆಸಿ ಪೋಸ್ಟ್‌ಮಾರ್ಟಂ ಮಾಡಿಸಿ ಲಿವರಿನ ಒಂದು ತುಂಡು ಲ್ಯಾಬಿಗೆ ಕಳಿಸಿದ್ರೆ ಉಳಿದ ಆಡುಗಳ ಕಥೆ ಎಷ್ಟೋ ಗೊತ್ತಾಗುತ್ತೆ, ಅದನ್ನ ಮಾತ್ರ ಯಾರೂ ಮಾಡಿಸಲ್ಲ. ಇನ್ನು ಕುರಿಗೆ ಅಂತ ಬರೋ ಮಿಕ್ಸ್ಚರಲ್ಲಿ ತಾಮ್ರ ಬೇಕಂತಲೇ ಕಮ್ಮಿ ಇಟ್ಟಿರ್ತಾರೆ, ಕುರಿಗೆ ಅದು ಬೇಗ ವಿಷ ಆಗುತ್ತೆ ಅಂತ, ಅದನ್ನೇ ವರ್ಷಗಟ್ಟಲೆ ಆಡಿಗೂ ಹಾಕ್ತಾ ಬಂದ್ರೆ ಕೊರತೆ ಬರುತ್ತೆ. ಹಾಗಂತ ಅಂದಾಜಿನ ಮೇಲೆ ಸುರಿದ್ರೆ ಆಡೂ ಸಾಯುತ್ತೆ. ಸೆಲೆನಿಯಂ ಇಂಜೆಕ್ಷನ್ ಅಂತೂ ಇನ್ನೂ ಸೂಕ್ಷ್ಮ, ಬೇಕಾದಷ್ಟು ಎಲ್ಲಿ ಮುಗಿದು ವಿಷ ಎಲ್ಲಿ ಶುರು ಅನ್ನೋದರ ನಡುವೆ ಜಾಗ ಬಹಳ ಕಮ್ಮಿ.

ಕೊರತೆ ಅನ್ನೋ ಮಾತಿಗೆ ಮುಂಚೆ ಕೈಯಲ್ಲಿ ಮುಟ್ಟಿ ನೋಡೋದು ಬೇಕಾದಷ್ಟಿದೆ. ಥರ್ಮಾಮೀಟರ್ ಇಲ್ಲದ ಕೊಟ್ಟಿಗೆಗಳೇ ಜಾಸ್ತಿ, ಆಡಿಗೆ ಸುಮಾರು 101.5 ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, ಅದಕ್ಕಿಂತ ಮೇಲಿದ್ರೆ ಮೊದಲು ಸೋಂಕು ಹುಡುಕ್ಬೇಕು. ಎಡಗಡೆ ಪಕ್ಕೆ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿದು ಹೊಟ್ಟೆ ಹೊರಳೋದು ಗೊತ್ತಾಗುತ್ತಾ ನೋಡಿ, ನಿಮಿಷಕ್ಕೆ ಒಂದೆರಡು ಸಲ ಹೊರಳ್ಬೇಕು. ಕಣ್ಣಿನ ಮೇಲಿನ ರೆಪ್ಪೆ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ಇನ್ನೊಂದು ಬೆರಳಲ್ಲಿ ಕೆಳಗಿನ ರೆಪ್ಪೆ ಇಳಿಸಿದ್ರೆ ಒಳಗಿನ ಪೊರೆ ಹೊರಗೆ ಬರುತ್ತೆ, ಅದನ್ನ ಬಿಸಿಲು ಬೆಳಕಲ್ಲೇ ನೋಡ್ಬೇಕು, ಟಾರ್ಚ್ ಬೆಳಕಲ್ಲಿ ಬಣ್ಣ ಮೋಸ ಮಾಡುತ್ತೆ. ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಫಮಾಚಾ ಅನ್ನೋ ಬಣ್ಣದ ಕಾರ್ಡು ಇದಕ್ಕೇ ಇರೋದು, 1 ಅಂದ್ರೆ ಚೆನ್ನಾಗಿ ಕೆಂಪು, 5 ಅಂದ್ರೆ ಬಿಳಿ, 4 ಮತ್ತು 5 ಬಂದ್ರೆ ತಡ ಮಾಡೋ ಹಾಗಿಲ್ಲ. ರಕ್ತ ಹೀರೋ ಹಿಮಾಂಕಸ್ ಹುಳದಿಂದ ಸಾಮಾನ್ಯವಾಗಿ ಭೇದಿ ಆಗಲ್ಲ, ಹಿಕ್ಕೆ ಗುಂಡಗೇ ಇರುತ್ತೆ, ಅದಕ್ಕೇ ಜನ ಹುಳ ಇಲ್ಲ ಅಂದ್ಕೊಳ್ತಾರೆ, ಗದ್ದದ ಕೆಳಗೆ ನೀರು ತುಂಬಿ ಊದಿಕೊಂಡಾಗ ಎಚ್ಚರ ಆಗುತ್ತೆ. ಆದ್ರೆ ಈ ಕಾರ್ಡು ಹೇಳೋದು ರಕ್ತ ಕಮ್ಮಿ ಅಂತ ಮಾತ್ರ. ಉಣ್ಣೆ, ಹೇನು, ಲಿವರ್ ಹುಳ ಇದ್ರೂ ಪೊರೆ ಬಿಳಿಚಿಕೊಳ್ಳುತ್ತೆ, ಹಿಕ್ಕೆ ಲ್ಯಾಬಿಗೆ ಕೊಟ್ಟು ಗ್ರಾಮಿಗೆ ಎಷ್ಟು ಮೊಟ್ಟೆ ಅಂತ ಎಣಿಸಿದ್ರೇ ಪಕ್ಕಾ ಆಗೋದು. ಔಷಧಿ ಕುಡಿಸಿದ ಹತ್ತು ಹದಿನಾಲ್ಕು ದಿನಕ್ಕೆ ಇನ್ನೊಂದು ಸಲ ಎಣಿಸಿ, ಇಳಿದಿಲ್ಲ ಅಂದ್ರೆ ಆ ಔಷಧಿಗೆ ಹುಳ ಬಗ್ಗದ ಹಾಗಾಗಿದೆ ಅಂತ.

ಕೆಲವು ಕಡೆ ಕಾಯೋಕೆ ಟೈಮೇ ಇರಲ್ಲ. ಆಡು ತಲೆ ಹಿಂದಕ್ಕೆ ಎತ್ತಿ ಆಕಾಶ ನೋಡ್ತಾ ನಿಂತಿದೆ, ಕಣ್ಣು ಕಾಣದೆ ಗೋಡೆಗೆ ಗುದ್ತಿದೆ ಅಂದ್ರೆ ಥಯಾಮಿನ್ ಅಂದ್ರೆ ಬಿ1 ಕೊರತೆಯ ಅನುಮಾನ, ಕಾಳು ಹಿಂಡಿ ಜಾಸ್ತಿ ತಿಂದು ಹೊಟ್ಟೆ ಕೆಟ್ಟಾಗ ಇದು ಬರೋದುಂಟು. ಒಂದೇ ದಿಕ್ಕಿಗೆ ಸುತ್ತುತ್ತಾ, ಒಂದು ಕಿವಿ ಜೋತುಬಿದ್ದು, ಒಂದೇ ಕಡೆ ಬಾಯಿಂದ ಜೊಲ್ಲು ಸುರೀತಿದ್ರೆ ಅದು ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಮಿದುಳಿಗೆ ತಗುಲಿರಬಹುದು, ಸಾಮಾನ್ಯವಾಗಿ ಕೆಟ್ಟ ಸೈಲೇಜಿಂದ, ಅಂದ್ರೆ ಹುದುಗಿಸಿಟ್ಟ ಹಸಿಮೇವಿಂದ ಬರುತ್ತೆ, ಅದಕ್ಕೆ ಆಂಟಿಬಯೋಟಿಕ್ ಬೇಕು, ವಿಟಮಿನ್ ಒಂದರಿಂದಲೇ ಆಗಲ್ಲ. ಎರಡಕ್ಕೂ ಡಾಕ್ಟ್ರು ಅವತ್ತೇ ಬರ್ಬೇಕು, ಗ್ರೂಪಲ್ಲಿ ಉತ್ತರ ಬರ್ಲಿ ಅಂತ ರಾತ್ರಿ ಕಳೆದ್ರೆ ಮುಗೀತು. ಎರಡು ಮೂರು ಮರಿ ಹೊತ್ತ ಆಡು ತಿಂಗಳು ತುಂಬ್ತಾ ಬಂದಾಗ ಮೇವು ಬಿಟ್ರೂ ಅಷ್ಟೇ, ಮೂತ್ರಕ್ಕೆ ಕೀಟೋನ್ ಪಟ್ಟಿ ಅದ್ದಿ ಬಣ್ಣ ನೋಡಿದ್ರೆ ಗಬ್ಬದ ನಂಜೋ (ಗಬ್ಬದ ಕೊನೇಲಿ ಮೇವಿನ ಶಕ್ತಿ ಸಾಲದೆ ಮೈಕೊಬ್ಬು ಕರಗಿ ಬರೋ ಕಾಯಿಲೆ) ಅಲ್ವೋ ಅಲ್ಲೇ ಸುಳಿವು ಸಿಗುತ್ತೆ, ಕಿವಿ ತಣ್ಣಗಾಗಿ ನಡುಗ್ತಿದ್ರೆ ಕ್ಯಾಲ್ಸಿಯಂ ಕಡೆಗೂ ಗಮನ ಬೇಕು, ಎರಡೂ ಒಟ್ಟಿಗೇ ಬರೋದೂ ಇದೆ.

ಹಾಗೇ, ಹಾಲು ಚೆನ್ನಾಗಿ ಕುಡಿದು ದುಂಡಗಿರೋ ಮರಿಯ ಗಂಟಲ ಹತ್ರ ಮೆತ್ತಗೆ ಗಡ್ಡೆ ಕಂಡ್ರೆ ಎಲ್ಲವೂ ಅಯೋಡಿನ್ ಕೊರತೆ ಅಲ್ಲ, ಬಹಳ ಸಲ ಅದು ಥೈಮಸ್ ಅನ್ನೋ ಮರಿಗಳಲ್ಲಿ ಸಹಜವಾಗಿ ಇರೋ ಗ್ರಂಥಿ, ತಾನಾಗೇ ಕರಗುತ್ತೆ. ಹಾಲಲ್ಲಿ ಜೀವಕೋಶ ಎಷ್ಟಿದೆ ಅಂತ ನೋಡೋ ಕೆಚ್ಚಲು ಬಾವಿನ ಟೆಸ್ಟೂ ಅಷ್ಟೇ, ಆಡಿನ ಹಾಲಲ್ಲಿ ಜೀವಕೋಶ ಸಹಜವಾಗೇ ಜಾಸ್ತಿ, ಹಸುವಿನ ಲೆಕ್ಕ ಇಟ್ಕೊಂಡು ನೋಡಿದ್ರೆ ಚೆನ್ನಾಗಿರೋ ಆಡಿಗೂ ಔಷಧಿ ಕೊಟ್ಟು ಹಾಲು ಚೆಲ್ಲಬೇಕಾಗುತ್ತೆ. ಎರಡು ಮೊಲೆಗಳ ಹಾಲನ್ನ ಪಕ್ಕಪಕ್ಕ ಇಟ್ಟು ಹೋಲಿಸೋದು ವಾಸಿ.

ಅದಕ್ಕೇ ನಿಮ್ಮಲ್ಲಿ ಕೇಳ್ಕೊಳ್ಳೋದು, ಮುಂದಿನ ಸಲ ಆಡಿನ ಬಗ್ಗೆ ಹಾಕುವಾಗ ಲಕ್ಷಣದ ಪಟ್ಟಿ ಬಿಟ್ಟು, ಡಾಕ್ಟ್ರಿಗೆ ಫೋನ್ ಮಾಡೋಕೆ ಮುಂಚೆ ಏನೇನು ನೋಡಿ ಬರ್ಕೊಂಡಿರ್ಬೇಕು ಅನ್ನೋದನ್ನ ಹಾಕಿ: ಟೆಂಪರೇಚರ್, ರೆಪ್ಪೆಯ ಬಣ್ಣ, ಹಿಕ್ಕೆ ಹೇಗಿದೆ, ಮೆಲುಕು ಹಾಕ್ತಿದೆಯಾ, ಗಬ್ಬ ಎಷ್ಟು ತಿಂಗಳು, ಹೋದ ವಾರ ಮೇವಲ್ಲಿ ಏನು ಬದಲಾಯ್ತು, ಕೊನೇ ಸಲ ಹುಳದ ಔಷಧಿ ಯಾವುದು, ಎಷ್ಟು ತೂಕಕ್ಕೆ ಅಂತ ಕೊಟ್ಟಿದ್ದು. ಕತ್ತರಿಸಿ ಕೊಟ್ಟಿಗೆ ಗೋಡೆಗೆ ಅಂಟಿಸೋ ಸೈಜಲ್ಲಿ ಹಾಕಿದ್ರೆ ಇನ್ನೂ ಒಳ್ಳೇದು.

ಇಂತಿ,
ಆಡು ಸಾಕುವ ಒಬ್ಬ ಓದುಗ